ಪಾಂಡಿಚೇರಿಯಲ್ಲಿ ಪಾಳಿ ಇಲ್ಲ

ಜನವರಿ 1

ನಿನ್ನೆ ಬೆಳಿಗ್ಗೆ ಏಳಕ್ಕೆ ಕೊನೆಯ ನೈಟ್ ಶಿಫ್ಟ್ ಮುಗಿಸಿ ಕಾರ್ಡ್ ಉಜ್ಜಿ ಹೊರಗೆ ಬಂದೆ. ಮೂವತ್ತೊಂದು ವರ್ಷ ಹೊಸೂರಿನ ಒಂದೇ ಕಾರ್ಖಾನೆ, ಅದರಲ್ಲಿ ಇಪ್ಪತ್ತೆರಡು ವರ್ಷ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ. ಕ್ಯಾಂಟೀನಿನಲ್ಲಿ ಶಾಲು ಹೊದಿಸಿದರು. ಮ್ಯಾನೇಜರು ತಮಿಳಿನಲ್ಲಿ ನಾಲ್ಕು ಮಾತಾಡಿ, ನನ್ನ ಹೆಸರೆತ್ತಿ, ರಾಮಚಂದ್ರಪ್ಪನ ಕಣ್ಣು ತಪ್ಪಿಸಿ ಒಬ್ಬನ ಕಾರ್ಡನ್ನು ಇನ್ನೊಬ್ಬ ಉಜ್ಜಿದ್ದು ಇಲ್ಲವೇ ಇಲ್ಲ ಅಂದರು. ನಿಜವೇ. ಹಾಗೆ ಉಜ್ಜಿದ ಹದಿನಾಲ್ಕು ಜನರನ್ನು ನಾನೇ ಹಿಡಿದುಕೊಟ್ಟಿದ್ದೇನೆ.

ಒಂದು ಗೋಡೆ ಗಡಿಯಾರ ಕೊಟ್ಟರು, ಈ ಡೈರಿ ಕೊಟ್ಟರು. ಪ್ರತಿ ವರ್ಷದ ಡೈರಿಯನ್ನು ಹೆಂಡತಿ ಪಿಳ್ಳಮ್ಮನಿಗೆ ಕೊಡುತ್ತಿದ್ದೆ. ಒಲೆ ಹಚ್ಚುವುದಕ್ಕೆ ಇಂಥ ಕಾಗದ ಬೇರೆ ಇಲ್ಲ ಅನ್ನುತ್ತಿದ್ದಳು. ಈ ಸಲ ಕೊಡುವುದಿಲ್ಲ. ನನಗೀಗ ಯೋಚನೆ ಮಾಡುವ ವಿಷಯ ಒಂದಿದೆ, ಬರೆದರೆ ತಲೆ ತಿಳಿಯಾಗುತ್ತದೆ.

ವಿಷಯ ಇಷ್ಟು. ನನ್ನ ಜೊತೆ ಟೈಮ್ ಆಫೀಸಿನಲ್ಲಿದ್ದ ಮೋಹನ್ ಮೂರು ವರ್ಷದ ಹಿಂದೆ ರಿಟೈರ್ ಆಗಿ ಪಾಂಡಿಚೇರಿಗೆ ಹೋದ. ಅವನ ಮನೆಯ ಮೇಲಿನ ಭಾಗ ಖಾಲಿಯಾಗಿದೆ. ಬಂದುಬಿಡು ಅನ್ನುತ್ತಾನೆ. ಬಿಸಿಲು, ಗಾಳಿ, ಏರಿಳಿತವಿಲ್ಲದ ನೆಲ, ಹತ್ತು ಹೆಜ್ಜೆಗೊಂದು ಆಸ್ಪತ್ರೆ. ಪಿಳ್ಳಮ್ಮನಿಗೆ ಮಂಡಿ ನೋವು. ಡೆಂಕಣಿಕೋಟೆಯ ಈ ಚಳಿ ಅವಳಿಗೆ ಆಗುವುದಿಲ್ಲ. ಅವಳಿಗೋಸ್ಕರವಾದರೂ ಹೋಗಬೇಕು.

ಜನವರಿ 3

ಪಕ್ಕದ ಮನೆಯ ಬೋರಯ್ಯ ಜಗಲಿಗೆ ಬಂದು ಕೂತ. ನನಗಿಂತ ಎಂಟು ವರ್ಷ ದೊಡ್ಡವನು, ಚಿಕ್ಕಂದಿನಲ್ಲಿ ನನ್ನನ್ನು ಆಡಿಸಿದವನು. ಅದೂ ಇದೂ ಮಾತಾಡಿ, ಏಳುವಾಗ ಅಂದ:

"ಇನ್ನೇನ್ಲಾ, ಶಿಫ್ಟ್ ಮುಗೀತು. ಈ ಸಲ ಪಾಳಿಗೆ ನೀನೇ ಬತ್ತೀಯ. ಪಿಳ್ಳಮ್ಮನ ಮಂಡಿಗೆ ರೆಸ್ಟ್ ಸಿಕ್ತದೆ."

ನಾನು ನಕ್ಕೆ. ನಕ್ಕ ಮೇಲೆ ಒಳಗೆ ಬಂದು ನೀರು ಕುಡಿದೆ.

ನಮ್ಮ ಹಳ್ಳಿಯ ಕಾಡಿನ ಕಡೆಯ ಬೀದಿಯಲ್ಲಿ ಒಂಬತ್ತು ಮನೆ. ಕುಯ್ದ ರಾಗಿಯನ್ನೆಲ್ಲ ಒಂದೇ ಬಯಲಲ್ಲಿ ಮೆದೆ ಹಾಕುತ್ತೇವೆ. ಕಣ ಮಾಡಿ ಕಾಳು ಮನೆಗೆ ಬರುವ ತನಕ ದಿನಕ್ಕೊಂದು ಮನೆಯವರು ಅದನ್ನು ಕಾಯಬೇಕು. ಮೆದೆಯ ಹತ್ತಿರ ಹೊಂಗೆ ಮರದ ಮೇಲೆ ಅಟ್ಟಣೆ ಇದೆ. ಕತ್ತಲಾಗುವ ಮುಂಚೆ ಏಣಿ ಹತ್ತಿ, ಬೆಳಗಾದ ಮೇಲೆ ಇಳಿಯಬೇಕು. ಕಾಡಿನಿಂದ ಬಂದರೆ ತಗಡು ಬಡಿಯಬೇಕು, ಪಟಾಕಿ ಹಚ್ಚಬೇಕು, ಆಗ ಉಳಿದ ಮನೆಯವರು ಓಡಿಬರುತ್ತಾರೆ. ಕಾದವನು ಮರುದಿನ ಮಧ್ಯಾಹ್ನದೊಳಗೆ ಪಾಳಿ ಕೋಲನ್ನು ತಂದು ಮುಂದಿನ ಮನೆಯ ಬಾಗಿಲಿಗೆ ಒರಗಿಸಿ ಹೋಗುತ್ತಾನೆ. ಕೂಗುವುದಿಲ್ಲ, ಹೇಳುವುದಿಲ್ಲ. ಬಾಗಿಲಲ್ಲಿ ಕೋಲಿದ್ದರೆ ಆ ಮನೆಯ ಪಾಳಿ, ಮುಗಿಯಿತು. ನಮ್ಮ ತಾತನ ಕಾಲದಿಂದ ಅದಕ್ಕೆ ಎದುರು ಮಾತಿಲ್ಲ.

ಬರುವವರ ಹೆಸರನ್ನೂ ನಮ್ಮಲ್ಲಿ ಹೇಳುವುದಿಲ್ಲ. ಹೇಳಿದರೆ ಕರೆದ ಹಾಗೆ. ದೊಡ್ಡೋರು ಅನ್ನುತ್ತೇವೆ. ಸೊಂಡಿಲಿರುವ ದೊಡ್ಡೋರು, ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ನಮ್ಮ ಮನೆಯ ಪಾಳಿಗೆ ಇಷ್ಟು ವರ್ಷವೂ ಪಿಳ್ಳಮ್ಮನೇ ಹೋಗುತ್ತಿದ್ದಳು. ನವೆಂಬರಿನಿಂದ ಫೆಬ್ರುವರಿ ತನಕ ನನಗೆ ನೈಟ್ ಶಿಫ್ಟ್ ಬೀಳುತ್ತಿತ್ತು. ಬೀಳುತ್ತಿತ್ತು ಅಂದರೆ, ಕೇಳಿದರೆ ಹಾಕಿಕೊಡುತ್ತಿದ್ದರು.

ಜನವರಿ 5

ಪಾಂಡಿಚೇರಿಯ ಒಳ್ಳೆಯದು: ಸುತ್ತ ಎಲ್ಲೂ ಕಾಡಿಲ್ಲ. ಮೂರು ಕಡೆ ತಮಿಳುನಾಡಿನ ಬಯಲು, ಒಂದು ಕಡೆ ಸಮುದ್ರ. ಸಂಜೆ ಕಡಲ ಪಕ್ಕದ ರಸ್ತೆಗೆ ಗಾಡಿ ಬಿಡುವುದಿಲ್ಲವಂತೆ, ವಯಸ್ಸಾದವರು ಕೈ ಬೀಸಿಕೊಂಡು ನಡೆಯಬಹುದು.

ಕೆಟ್ಟದ್ದು: ರಾಗಿ ಹಿಟ್ಟು ಒಳ್ಳೆಯದು ಸಿಗುವುದಿಲ್ಲ. ಇಲ್ಲಿಂದ ಒಯ್ಯಬಹುದು.

ಕೆಟ್ಟದ್ದು ಇನ್ನೊಂದು ಯೋಚಿಸಿದೆ, ಹೊಳೆಯಲಿಲ್ಲ. ಕೋಲು ಇವತ್ತು ಬೀದಿಯ ಆ ತುದಿಯಿಂದ ನಾಲ್ಕನೇ ಮನೆಗೆ ಬಂದಿದೆ. ಹಾಲಿಗೆ ಹೋದಾಗ ಕಣ್ಣಿಗೆ ಬಿತ್ತು.

ಜನವರಿ 8

ಬೆಳಿಗ್ಗೆಯಿಂದ ಮೈ ಬಿಸಿ. ಥರ್ಮಾಮೀಟರ್ ಇಟ್ಟರೆ ತೊಂಬತ್ತೆಂಟೂವರೆ ತೋರಿಸುತ್ತದೆ. ಅದು ಸರಿಯಿಲ್ಲ, ಹಳೆಯದು.

ಹನ್ನೊಂದಕ್ಕೆ ಕದಿರಪ್ಪಣ್ಣ ಕೋಲು ಒರಗಿಸಿ ಹೋದ. ಪಾಳಿಯಲ್ಲಿ ಅವನದು ನಮಗಿಂತ ಮುಂಚಿನ ಮನೆ. ಎಪ್ಪತ್ತು ದಾಟಿದೆ, ಆದರೂ ತನ್ನ ಪಾಳಿಯನ್ನು ಮಗನಿಗೆ ಬಿಟ್ಟುಕೊಡುವುದಿಲ್ಲ. ಕೋಲು ಗೋಡೆಗೆ ತಾಗಿದ ಸದ್ದು ಹಾಸಿಗೆಯಲ್ಲಿದ್ದ ನನಗೆ ಕೇಳಿಸಿತು. ಕೈಕಾಲು ತಣ್ಣಗಾಯಿತು. ಇದು ಜ್ವರವಲ್ಲದೆ ಮತ್ತೇನು?

ಪಿಳ್ಳಮ್ಮ ಬಂದು ಹಣೆ ಮುಟ್ಟಿ ನೋಡಿದಳು. ಸಂಜೆ ಮಂಡಿಗೆ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ಟಾರ್ಚು ಪಟಾಕಿ ಚೀಲಕ್ಕೆ ಹಾಕಿಕೊಂಡು ಹೋದಳು. ಪಾಪ, ಆ ಮಂಡಿಯಲ್ಲಿ ಏಣಿ ಹತ್ತುತ್ತಾಳೆ. ಆದಷ್ಟು ಬೇಗ ಅವಳನ್ನು ಪಾಂಡಿಚೇರಿಗೆ ಕರೆದುಕೊಂಡು ಹೋಗಬೇಕು.

ಜನವರಿ 9

ಜ್ವರ ಇಳಿದಿದೆ. ಹೋಗಿ ನೋಡಿಬರೋಣ ಅಂದೆ, ಪಿಳ್ಳಮ್ಮ ಒಪ್ಪಿದಳು. ಅವಳು ಸಮುದ್ರ ನೋಡಿಲ್ಲ.

ಜನವರಿ 11, ಪಾಂಡಿಚೇರಿ

ಕೃಷ್ಣಗಿರಿ, ತಿರುವಣ್ಣಾಮಲೈ ದಾಟಿ ಬಸ್ಸು ಇಳಿಯುತ್ತ ಇಳಿಯುತ್ತ ಸ್ವೆಟರ್ ಬಿಚ್ಚಿದೆ, ಆಮೇಲೆ ಅಂಗಿಯ ಗುಂಡಿ ಬಿಚ್ಚಿದೆ. ಜನವರಿಯಲ್ಲಿ ಬೆವರು! ಎಂಥ ಬಿಸಿಲು ಅಂತೀರಿ. ಆಕಾಶ ತೊಳೆದಿಟ್ಟ ಹಾಗಿದೆ. ಮೋಹನ್ ದಪ್ಪಗಾಗಿದ್ದಾನೆ, ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಾನೆ. ಮೇಲಿನ ಮನೆ ಚೆನ್ನಾಗಿದೆ. ಎರಡು ರೂಮು, ಬಾಲ್ಕನಿ. ಬಾಲ್ಕನಿಯಲ್ಲಿ ನಿಂತು ನಾಲ್ಕು ದಿಕ್ಕಿಗೂ ನೋಡಿದೆ. ಬರೀ ತಾರಸಿಗಳು. ಮೂವತ್ತೊಂದು ವರ್ಷದ ಮೇಲೆ ಎದೆ ತುಂಬ ಉಸಿರೆಳೆದ ಹಾಗಾಯಿತು.

ಸಂಜೆ ಸಮುದ್ರಕ್ಕೆ ಹೋದೆವು. ಪಿಳ್ಳಮ್ಮ ಚಪ್ಪಲಿ ಬಿಟ್ಟು, ಸೀರೆ ಮೊಣಕಾಲಿಗೆತ್ತಿ ಸೀದಾ ನೀರಿಗಿಳಿದಳು. ಅಲೆ ಬಂದು ಸೊಂಟದ ತನಕ ನೆನೆಸಿತು. ಬಿದ್ದು ಬಿದ್ದು ನಕ್ಕಳು. ನಾನು ಮರಳಿನಲ್ಲೇ ನಿಂತೆ. ಸುನಾಮಿಯ ವರ್ಷ ಇಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಅಂತ ಮೋಹನನನ್ನು ಕೇಳಿದೆ. ಮೀನುಗಾರರ ಕೇರಿಗಳಿಗೆಲ್ಲ ನುಗ್ಗಿತ್ತು ಅಂದ. ನಿನ್ನ ಮನೆ ಅಲ್ಲಿಂದ ಎಷ್ಟು ದೂರ ಅಂದೆ. ನಕ್ಕು ಬೆನ್ನಿಗೆ ಹೊಡೆದ. ದೂರ ಹೇಳಲಿಲ್ಲ.

ಜನವರಿ 12, ಪಾಂಡಿಚೇರಿ

ಬೆಳಿಗ್ಗೆ ಹತ್ತಕ್ಕೆ ಕಾಫಿ ಕುಡಿಯುತ್ತಿದ್ದಾಗ ಕೆಳಗೆ ಬೀದಿಯಲ್ಲಿ ಢಂ ಢಂ ಅಂತ ಪಟಾಕಿ. ಪಿಳ್ಳಮ್ಮ ಲೋಟ ಬಿಸಾಕಿ ಎದ್ದವಳೇ ಅಡಿಗೆಮನೆಯಿಂದ ಸ್ಟೀಲ್ ತಟ್ಟೆ, ಸೌಟು ತಂದು ಬಾಲ್ಕನಿಯಲ್ಲಿ ನಿಂತು ಬಡಿಯತೊಡಗಿದಳು. ಹೋ ಹೋ ಅಂತ ಕೂಗಿದಳು. ಕೆಳಗೆ ಹೋಗುತ್ತಿದ್ದದ್ದು ಯಾರದೋ ಹೆಣದ ಮೆರವಣಿಗೆ, ಈ ಕಡೆ ಹೆಣದ ಮುಂದೆ ಪಟಾಕಿ ಹೊಡೆಯುತ್ತಾರಂತೆ. ಅಷ್ಟೂ ಜನ ತಲೆಯೆತ್ತಿ ನೋಡಿದರಂತೆ. ಮೋಹನ್ ಕೈಮುಗಿದು ಸಮಾಧಾನ ಹೇಳಿ ಕಳಿಸಿದನಂತೆ.

ಇದೆಲ್ಲ ಆಮೇಲೆ ಕೇಳಿದ್ದು. ನಾನು ಆಗ ಬಚ್ಚಲಲ್ಲಿದ್ದೆ. ಹೋಗಬೇಕಾಗಿತ್ತು, ಹೋಗಿದ್ದೆ. ಚಿಲಕ ಹಾಕಿಕೊಂಡಿದ್ದೆ, ಬಚ್ಚಲಿಗೆ ಹೋದ ಎಲ್ಲರೂ ಹಾಕಿಕೊಳ್ಳುತ್ತಾರೆ.

ಮಧ್ಯಾಹ್ನ ಗಣೇಶನ ಗುಡಿಗೆ ಹೋದೆವು. ಅಲ್ಲೊಂದು ಹೂವಿನಂಗಡಿಯಲ್ಲಿ ದೇವರ ಪಟದ ಪಕ್ಕ ದೊಡ್ಡೋರ ಫೋಟೋ. ಗುಡಿಯಲ್ಲಿ ಸಾಕಿದ್ದು, ಮೂರು ವರ್ಷದ ಹಿಂದೆ ತೀರಿಕೊಂಡಿತಂತೆ. ಹೂವಿನವಳು ಅದರ ಮಾತೆತ್ತಿ ಕಣ್ಣೊರೆಸಿಕೊಂಡಳು. ಪಿಳ್ಳಮ್ಮ ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಫೋಟೋಕ್ಕೆ ಹಾಕಿದಳು. ಫೋಟೋದ ಕಣ್ಣು ನನ್ನನ್ನೇ ನೋಡುತ್ತಿತ್ತು. ಇಷ್ಟು ದೂರ ಬಂದರೂ ಬಿಡುವುದಿಲ್ಲವಲ್ಲ ಅನ್ನಿಸಿ, ಬೇಗ ಹೊರಡಿಸಿದೆ.

ಜನವರಿ 14

ಊರಿಗೆ ಬಂದೆವು. ಸಂಕ್ರಾಂತಿ. ಎಳ್ಳು ಬೀರುವ ಗಡಿಬಿಡಿಯಲ್ಲಿ ಪಿಳ್ಳಮ್ಮನಿಗೆ ನನ್ನ ಕಡೆ ನೋಡಲು ಪುರುಸೊತ್ತಿಲ್ಲ. ಸಂಜೆ ಸಿಕ್ಕಿದಾಗ ಕೇಳಿದೆ. ತಿಂಗಳ ಕೊನೆಯೊಳಗೆ ಮೋಹನನಿಗೆ ಮಾತು ಕೊಡಬೇಕು, ಏನಂತೀಯ ಅಂದೆ.

ಸಮುದ್ರ ಚೆನ್ನಾಗಿದೆ ಅಂದಳು. ಆದರೆ ಮೋಹನನಿಗೆ ಪಕ್ಕದ ಮನೆಯವನ ಹೆಸರೇ ಗೊತ್ತಿಲ್ಲ, ಮೂರು ವರ್ಷವಾಯಿತಂತೆ, ಅದು ಯಾಕೋ ಸರಿ ಕಾಣಲಿಲ್ಲ ಅಂದಳು. ಅದೇ ಅಲ್ಲವೇ ಅಲ್ಲಿಯ ಸುಖ? ಯಾರೂ ಯಾರ ಬಾಗಿಲಿಗೂ ಏನೂ ಒರಗಿಸುವುದಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. ರಾಗಿ ಮನೆಗೆ ಬರಲಿ, ಆಮೇಲೆ ನೋಡೋಣ ಅಂದಳು.

ಜನವರಿ 16

ಬಾಗಲೂರಿನಿಂದ ಅಳಿಯನ ಫೋನು. ಮಗಳು ಮಾಲಾಳಿಗೆ ಜ್ವರ ಇಳಿಯುತ್ತಿಲ್ಲ, ಕೂಸನ್ನು ನೋಡಿಕೊಳ್ಳುವವರಿಲ್ಲ. ಪಿಳ್ಳಮ್ಮ ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು. ಬಸ್ ಸ್ಟಾಪಿನಲ್ಲಿ, ಹತ್ತುವಾಗ, ತಿರುಗಿ ನಿಂತಳು.

"ನಾಳೆ ನಮ್ ಪಾಳಿ. ನೆಪ್ಪೈತಲ್ಲ?"

ಇದೆ ಅಂದೆ.

"ಆಗಾಕಿಲ್ಲ ಅಂದ್ರೆ ಈಗ್ಲೇ ಯೋಳು. ಬೋರಣ್ಣಂಗೆ ಒಂದ್ ಮಾತು ಯೋಳಿ ಹೋಯ್ತೀನಿ, ಬದ್ಲಾಯಿಸ್ಕೋತಾನೆ."

ಆಗದೇ ಏನು, ನಾನೇನು ಕೈಲಾಗದವನೇ ಅಂತ ರೇಗಿದೆ. ನಾಲ್ಕು ಜನ ನೋಡಿದರು. ಅವಳು ಬಸ್ಸು ಹತ್ತಿದಳು.

ಜನವರಿ 17

ಬೆಳಿಗ್ಗೆ ಹತ್ತೂವರೆ. ಕೋಲು ಬಾಗಿಲಲ್ಲಿದೆ.

ಊಟ ಸೇರಲಿಲ್ಲ. ಈಗ ಎರಡು ಗಂಟೆ. ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಮದುವೆಯಾದ ವರ್ಷ, ಕಾರ್ಖಾನೆ ಸೇರಿ ಮೂರು ತಿಂಗಳಾಗಿತ್ತು. ಅಪ್ಪನಿಗೆ ಹುಷಾರಿಲ್ಲದೆ ನಾನು ಅಟ್ಟಣೆ ಹತ್ತಿದ್ದೆ. ಬಂತು. ಒಂದೇ. ಮೆದೆಯ ಹತ್ತಿರ ಹೋಗದೆ ಸೀದಾ ನನ್ನ ಮರದ ಕೆಳಗೆ ಬಂದು ನಿಂತು ಬೆನ್ನು ಉಜ್ಜಿಕೊಂಡಿತು. ಮರ ಅಲ್ಲಾಡಿತು. ಅದರ ಉಸಿರು ಕೇಳಿಸುತ್ತಿತ್ತು, ಹುಳಿ ವಾಸನೆ ಬರುತ್ತಿತ್ತು. ತಗಡು ನನ್ನ ತೊಡೆಯ ಮೇಲೇ ಇತ್ತು. ಕೈ ಏಳಲಿಲ್ಲ. ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಂಡೆ. ಅದು ಸಾವಕಾಶವಾಗಿ ಮೆದೆಗೆ ಹೋಗಿ ತಿಂದು, ತುಳಿದು, ಹೊರಟುಹೋಯಿತು. ನಾಲ್ಕು ಮನೆಯ ರಾಗಿ ಹಾಳಾಯಿತು. ನಿದ್ದೆ ಹೋಗಿಬಿಟ್ಟೆ ಅಂತ ಊರಿಗೆ ಸುಳ್ಳು ಹೇಳಿದೆ. ಆ ವಾರವೇ ಸೂಪರ್‌ವೈಸರ್ ಕಾಲು ಹಿಡಿದು ನೈಟ್ ಶಿಫ್ಟ್ ಹಾಕಿಸಿಕೊಂಡೆ. ಪಿಳ್ಳಮ್ಮನಿಗೆ ಆಗ ಇಪ್ಪತ್ತಮೂರು. ಮುಂದಿನ ಪಾಳಿಗೆ ಅವಳು ಹೋದಳು.

ಮೂರೂವರೆ. ಏಣಿಯ ತನಕ ಹೋಗಿ ಬಂದೆ. ಹಗಲಲ್ಲೇ ಮೊದಲ ಮೆಟ್ಟಿಲ ಮೇಲೆ ಕಾಲಿಡಲು ಆಗಲಿಲ್ಲ. ಬೋರಯ್ಯನನ್ನು ಕೇಳಬಹುದು. ಏನಂತ ಕೇಳುವುದು? ಐವತ್ತೆಂಟು ವರ್ಷದ ಗಂಡಸು.

ನಾಲ್ಕೂಕಾಲು. ಬೀದಿಯಲ್ಲಿ ಯಾರೂ ಇರಲಿಲ್ಲ. ಕೋಲನ್ನು ತೆಗೆದು ಬೋರಯ್ಯನ ಬಾಗಿಲಿಗೆ ಒರಗಿಸಿ ಬಂದೆ. ಎಂಟು ಹೆಜ್ಜೆ ಅಷ್ಟೇ. ಒಂದು ದಿನ ಮುಂಚೆ ಅವನದಾಗುತ್ತದೆ, ನಾಳೆ ಹೇಗೂ ಅವನದೇ ಇತ್ತು. ದೊಡ್ಡ ವಿಷಯವಲ್ಲ. ಬಾಗಿಲು ಹಾಕಿದ್ದೇನೆ. ಬಾಗಲೂರಿಗೆ ಹೋಗಿದ್ದೆ ಅಂದರಾಯಿತು.

ಜನವರಿ 18

ಬೋರಯ್ಯ ಬಿದ್ದುಬಿಟ್ಟಿದ್ದಾನೆ.

ರಾತ್ರಿ ಏನೂ ಬಂದಿರಲಿಲ್ಲವಂತೆ. ಬೆಳಗಿನ ಆರಕ್ಕೆ, ಇನ್ನೇನು ಮುಗಿಯಿತು ಅಂತ ಇಳಿದಿದ್ದಾನೆ. ಮಂಜು. ಮೆದೆಯ ಮರೆಯಲ್ಲಿ ನಿಂತಿದ್ದದ್ದು ಕಾಣಲಿಲ್ಲ. ಹತ್ತು ಮಾರು ದೂರದಲ್ಲಿ ಅದು ಕಿವಿ ಅಗಲಿಸಿದಾಗ ಕಂಡಿತಂತೆ. ಓಡಿದ್ದಾನೆ. ಬದುವಿನ ಕಲ್ಲಿಗೆ ಕಾಲು ಸಿಕ್ಕಿ ಬಿದ್ದ, ತೊಡೆಯ ಮೂಳೆ ಮುರಿದಿದೆ. ಅದು ನಾಲ್ಕು ಹೆಜ್ಜೆ ಅಟ್ಟಿಸಿಕೊಂಡು ಬಂದು ನಿಂತು ವಾಪಸ್ಸಾಯಿತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ?

ಅವನ ಕೂಗಿಗೆ ಎಲ್ಲರೂ ಓಡಿದರು. ನಾನೂ ಓಡಿದೆ. ಅವನನ್ನು ಗಾಡಿಗೆ ಎತ್ತುವಾಗ ತಲೆಯ ಕಡೆ ನಾನು ಹಿಡಿದಿದ್ದೆ. "ಬಾಗ್ಲು ಹಾಕಿತ್ತಲ್ಲ, ಯಾವಾಗ್ ಬಂದ್ಯೋ ಬಾಗಲೂರಿಂದ?" ಅಂತ ಕೇಳಿದ, ಆ ನೋವಿನಲ್ಲಿ. ಈಗಷ್ಟೇ ಅಂದೆ.

ಜನವರಿ 19

ಮೋಹನನಿಗೆ ಫೋನ್ ಮಾಡಿ ಫೆಬ್ರುವರಿ ಒಂದಕ್ಕೆ ಬರುತ್ತೇವೆ, ಮನೆ ಯಾರಿಗೂ ಕೊಡಬೇಡ ಅಂದೆ.

ಜನವರಿ 20

ಬಾಗಿಲ ಹತ್ತಿರ ಯಾರು ಬಂದರೂ ನನ್ನನ್ನು ಕೇಳಲು ಬಂದರು ಅನ್ನಿಸುತ್ತದೆ. ಹಾಲಿನವನು ಬಂದ. ಮೀಟರು ನೋಡುವವನು ಬಂದ. ಎರಡು ಸಲವೂ ಹಿತ್ತಿಲಿಗೆ ಹೋಗಿ ನಿಂತೆ.

ಜನವರಿ 21

ಹೊಸೂರಿನ ಆಸ್ಪತ್ರೆಗೆ ಹೋಗಿದ್ದೆ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆ. ಬೋರಯ್ಯನ ಹೆಂಡತಿ ಸಾಕಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ನನಗೆ ಕೊಟ್ಟಳು. ನೀನು ಬಂದದ್ದು ಧೈರ್ಯವಾಯಿತು ಅಂದಳು. ಲೋಟವನ್ನು ಮಂಚದ ಕೆಳಗಿಟ್ಟೆ. ಬೋರಯ್ಯ ಔಷಧಿಯ ಮಂಪರಿನಲ್ಲಿದ್ದ. ಅವನ ಕಾಲಿನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತ ಕೂತೆ.

ಅಲ್ಲೇ ಮಾತು ಬಂತು. ಪಾಳಿ ಅವತ್ತು ಬೋರಯ್ಯನದಲ್ಲವಲ್ಲ, ಕೋಲು ಹೇಗೆ ಬಂತು ಅಂತ ಯಾರೋ ಕೇಳಿದರು. ಸಾಕಮ್ಮನೇ ಹೇಳಿದಳು: ಕದಿರಪ್ಪ ಒಂದು ಮನೆ ಎಗರಿಸಿ ಇಟ್ಟುಬಿಟ್ಟಿದ್ದಾನೆ, ವಯಸ್ಸಾಯಿತು, ಮರೆವು. ಎಲ್ಲರೂ ಹೂಂ ಅಂದರು. ನಾನೂ ಅಂದೆ. ಬಸ್ಸಿನಲ್ಲಿ ಬರುತ್ತ ಸ್ವಲ್ಪ ಹಗುರವಾಯಿತು. ಹಗುರವಾಯಿತು ಅಂತ ಬರೆಯಲು ನಾಚಿಕೆಯಾಗುತ್ತದೆ.

ಜನವರಿ 23

ಕದಿರಪ್ಪಣ್ಣ ಬಂದಿದ್ದ. ಜಗಲಿಯ ಮೇಲೆ ಕೂರಲಿಲ್ಲ, ಅಂಗಳದಲ್ಲೇ ನಿಂತ. ಗಡ್ಡ ಬೆಳೆದಿದೆ. ಇಡೀ ಬೀದಿ ಅವನನ್ನು ಬೈದಿದೆ. ಮಗ ಅವನ ಕೈಗೆ ಸೈಕಲ್ಲು ಕೊಡುವುದನ್ನೂ ನಿಲ್ಲಿಸಿದ್ದಾನಂತೆ, ದಾರಿ ಮರೆತು ಎಲ್ಲಾದರೂ ಹೋದರೆ ಅಂತ.

ಅವನು ನನ್ನ ಬಾಗಿಲನ್ನೇ ನೋಡುತ್ತ ಮೆಲ್ಲಗೆ ಕೇಳಿದ. "ನಾನು ಇಲ್ಲಿಗೇ ಇಟ್ಟಿದ್ದೆ ಅಂತ ನನ್ ಮನ್ಸು ಯೋಳ್ತದಪ್ಪ. ಈ ಮೂಲೇಗೆ. ನೀನೇನಾರ ನೋಡಿದ್ಯಾ?"

ಇಲ್ಲ ಅಂದೆ. ಊರಲ್ಲಿರಲಿಲ್ಲ ಅಂದೆ.

"ಅದೇಯ. ಅಂಗಾರೆ ನನ್ ತಲೆನೇ ಕೆಟ್ಟೈತೆ. ನಮ್ಮಪ್ಪಂಗೂ ಹಿಂಗೇ ಸುರುವಾಯ್ತು. ಕೊನೇಗೆ ನನ್ನೇ ಯಾರ್ಲಾ ನೀನು ಅಂತಿದ್ದ."

ಅದು ಎಂಥ ಭಯ ಅಂತ ನನಗೆ ಗೊತ್ತು. ಇಳಿಯಲು ಏಣಿ ಇಲ್ಲದ ಕಡೆ ಕೂತಿರುವ ಭಯ. ಅವನನ್ನು ಅಲ್ಲಿ ಕೂರಿಸಿದವನು ನಾನು. ಅವನು ಹೋದ.

ಪಾಂಡಿಚೇರಿಯ ಬಗ್ಗೆ ಬರೆಯೋಣ ಅಂತ ಡೈರಿ ತೆಗೆದಿದ್ದೆ. ಏನು ಬರೆಯಬೇಕೆಂದಿದ್ದೆನೋ ನೆನಪಿಗೆ ಬರುತ್ತಿಲ್ಲ.

ಜನವರಿ 24

ಪಿಳ್ಳಮ್ಮ ಬಂದಳು. ಮಾಲಾ ಎದ್ದು ಓಡಾಡುತ್ತಿದ್ದಾಳೆ. ಬೋರಯ್ಯನನ್ನೂ ಇವತ್ತೇ ಮನೆಗೆ ಕರೆತಂದರು. ಪಿಳ್ಳಮ್ಮ ಬ್ಯಾಗು ಇಳಿಸಿದವಳೇ ಅಲ್ಲಿಗೆ ಹೋಗಿ ಒಂದು ಗಂಟೆ ಕೂತು ಬಂದಳು. ನಾನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದಳು.

ಅವತ್ತು ಸಂಜೆ ಎಲ್ಲಿದ್ದೆ ಅಂತ ಕೇಳಿದಳು. ಬಾಗಲೂರಿಗೆ ಬಂದಿದ್ದೆ ಅಂತ ಅವಳಿಗೆ ಹೇಳಲಾಗುವುದಿಲ್ಲ. ಮನೆಯಲ್ಲೇ ಅಂದೆ. ಆಮೇಲೆ ಮೋಹನನಿಗೆ ಮಾತು ಕೊಟ್ಟಾಯಿತಾ ಅಂತ ಕೇಳಿದಳು. ಕೊಟ್ಟಾಯಿತು, ಒಂದನೇ ತಾರೀಕು ಅಂದೆ. ಯಾರ ಮಂಡಿ ನೋವಿಗೆ ಅಂದಳು. ಅಷ್ಟೇ ಅಂದದ್ದು. ಒಳಗೆ ಹೋಗಿ ಸೊಪ್ಪು ಸೋಸಲು ಕೂತಳು.

ಜನವರಿ 25

ಇವತ್ತು ನಮ್ಮ ಪಾಳಿ.

ಹನ್ನೊಂದಕ್ಕೆ ಕದಿರಪ್ಪಣ್ಣ ಬಂದ. ಸುಮ್ಮನೆ ಒರಗಿಸಿ ಹೋಗಲಿಲ್ಲ. ಸೊಸೆ ಸುಗುಣಾಳನ್ನು ಸಾಕ್ಷಿಗೆ ಕರೆತಂದಿದ್ದ. ಬಾಗಿಲು ತಟ್ಟಿ ಪಿಳ್ಳಮ್ಮನನ್ನು ಹೊರಗೆ ಕರೆದ. ನಾನು ಒಳಗೆ ಟ್ರಂಕಿನ ಹತ್ತಿರ ಇದ್ದೆ, ಎಲ್ಲ ಕಾಣುತ್ತಿತ್ತು.

"ತಕ್ಕೊಳಮ್ಮ. ನಿನ್ ಕೈಗೇ ಕೊಟ್ಟೀನಿ. ತಕ್ಕೊಂಡೆ ಅಂತ ಬಾಯ್ಬಿಟ್ಟು ಯೋಳು," ಅಂದ. ಆಮೇಲೆ ಸೊಸೆಯ ಕಡೆ ತಿರುಗಿ, "ನೀನೂ ನೋಡ್ಕೊ ಸುಗುಣಾ. ಇವತ್ತು ಭಾನ್ವಾರ. ಪಿಳ್ಳಮ್ಮನ ಕೈಗೆ ಕೊಟ್ಟೆ. ಸಂಜೀಕೆ ನಾನು ಕೇಳ್ತೀನಿ, ಯಾರಿಗ್ ಕೊಟ್ಟೆ ಅಂತ. ನೀನು ಯೋಳ್ಬೇಕು."

ನಮ್ಮ ಬೀದಿಯಲ್ಲಿ ಯಾವ ಕಾಲದಲ್ಲೂ ಪಾಳಿ ಕೋಲಿಗೆ ಸಾಕ್ಷಿ ಬೇಕಾಗಿರಲಿಲ್ಲ. ಪಿಳ್ಳಮ್ಮ ತಕ್ಕೊಂಡೆ ಅಂದಳು. ಅವನು ಇನ್ನೊಂದು ಸಲ ಹೇಳಿಸಿದ. ನನ್ನ ಕಾಲು ಹೇಗೆ ಎದ್ದಿತೋ ಗೊತ್ತಿಲ್ಲ, ಹೊಸ್ತಿಲ ಹತ್ತಿರ ಬಂದಿದ್ದೆ.

"ಕದಿರಪ್ಪಣ್ಣ, ಅವತ್ತು ನೀನು ನಮ್ ಬಾಗಿಲಿಗೇ ಇಟ್ಟಿದ್ದೆ. ನಾನು ಎತ್ಕೊಂಡೋಗಿ ಬೋರಯ್ಯನ ಬಾಗಿಲಿಗಿಟ್ಟೆ. ಬಾಗಲೂರಿಗೆ ನಾನು ಹೋಗಿರ್ಲಿಲ್ಲ. ಒಳಗೇ ಇದ್ದೆ. ಭಯ ಆಗಿತ್ತು."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಮೆಲ್ಲಗೆ ಜಗಲಿಯ ಮೇಲೆ ಕೂತ.

"ಇನ್ನೊಂದ್ಸಲ ಯೋಳು," ಅಂದ.

ಇನ್ನೊಂದು ಸಲ ಹೇಳಿದೆ.

"ಯಾವ ಮೂಲೇಗಿಟ್ಟಿದ್ದೆ?"

ಎಡಗಡೆ ಮೂಲೆಗೆ ಅಂದೆ.

"ಅಂಗಾರೆ ನಾನು ಮರ್ತಿಲ್ಲ," ಅಂದ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಸುಗುಣಾ ನನ್ನನ್ನು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬೈದಳು. ಬೈದದ್ದನ್ನು ಬರೆಯುವುದಿಲ್ಲ, ಒಂದೂ ತಪ್ಪಾಗಿರಲಿಲ್ಲ. ಮಾವನ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು. ಅವನು ಬೀದಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ನಾನು ಮರ್ತಿರಲಿಲ್ಲ, ನಾನು ಮರ್ತಿರಲಿಲ್ಲ ಅಂತ ಹೇಳಿಕೊಂಡು ಹೋದ.

ಬೇರೆಯವರ ಬಾಯಿಂದ ತಿಳಿಯುವ ಮುಂಚೆ ಬೋರಯ್ಯನ ಮನೆಗೆ ಹೋದೆ. ಮಂಚದ ಪಕ್ಕ ನಿಂತು ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾಳೆಯ ನಿನ್ನ ಪಾಳಿಗೂ ನಾನೇ ಹೋಗುತ್ತೇನೆ ಅಂದೆ. ಸಾಕಮ್ಮ ಬಾಗಿಲ ತನಕ ಬಂದು, ಇನ್ನು ನಾನಾಗಿ ಕರೆಯುವ ತನಕ ಈ ಮನೆಗೆ ಬರಬೇಡ ಅಂದಳು. ಆಗಲಿ ಅಂದೆ.

ಮೋಹನನಿಗೆ ಫೋನ್ ಮಾಡಿ ಮನೆ ಬೇರೆಯವರಿಗೆ ಕೊಟ್ಟುಬಿಡು ಅಂದೆ. ಯಾಕೆ, ಪಿಳ್ಳಮ್ಮನ ಮಂಡಿ ವಾಸಿಯಾಯಿತಾ ಅಂತ ಕೇಳಿದ. ಇಲ್ಲ, ಅವಳ ಮಂಡಿಗೋಸ್ಕರ ಬರುತ್ತೇನೆ ಅಂದದ್ದು ಸುಳ್ಳು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಸಮುದ್ರ ನೋಡಲು ಯಾವಾಗಲಾದರೂ ಬರುತ್ತೇವೆ ಅಂದೆ. ಅದು ಪಿಳ್ಳಮ್ಮನಿಗೆ ನಿಜವಾಗಿ ಇಷ್ಟವಾಗಿತ್ತು.

ಈಗ ಐದೂವರೆ, ಹೊರಡುವ ಮುಂಚೆ ಇಷ್ಟು ಬರೆಯುತ್ತೇನೆ. ಪಿಳ್ಳಮ್ಮ ಎಂದಿನ ಹಾಗೆ ಚೀಲಕ್ಕೆ ಟಾರ್ಚು, ಪಟಾಕಿ, ಬೆಂಕಿಪೊಟ್ಟಣ ಹಾಕಿದಳು. ಮಂಡಿಗೆ ಸುತ್ತುವ ಬಟ್ಟೆ ತೆಗೆದುಕೊಂಡಳು. ನಾನು ಚೀಲಕ್ಕೆ ಕೈ ಹಾಕಿದೆ. ಬಿಡಲಿಲ್ಲ, ಆಮೇಲೆ ಬಿಟ್ಟಳು. ನಾನು ಪಟಾಕಿಯನ್ನು ಮೂರು ಸಲ ಎಣಿಸಿದ್ದು ಅವಳಿಗೆ ಕಂಡಿತು.

"ಭಯ ಆಯ್ತದಾ?" ಅಂತ ಕೇಳಿದಳು.

ಮೂವತ್ತೊಂದು ವರ್ಷ ಅವಳು ಇದೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ನಾನು ಒಂದು ಸಲವೂ ಕೇಳದ ಮಾತು. ಆಯ್ತದೆ ಅಂದೆ. ತುಂಬಾ ಅಂದೆ.

"ನಂಗೂ ಆಯ್ತಿತ್ತು," ಅಂದಳು. "ಪ್ರತಿ ಸಲನೂ."

ಏಣಿಯ ತನಕ ಬತ್ತೀನಿ ಅಂದಳು. ಬೇಡ ಅಂದುಬಿಟ್ಟೆ. ಬಾ ಅನ್ನಬೇಕಾಗಿತ್ತು.